ಮೊದಲನೇ ಸಾಲಿನ ಮೇಷ್ಟ್ರು

ಔಲಿಸ್ ಲೆಸ್ಕೆಲನ ಬೀಳ್ಕೊಡುಗೆಯ ಕಾಫಿ ಕೂಟಕ್ಕೆ ಬ್ರೆಡ್ ಕೇಕು, ಅಂದರೆ ಬ್ರೆಡ್ಡಿನ ಪದರ ಜೋಡಿಸಿದ ಸಿಹಿಯಿಲ್ಲದ ಕೇಕು, ಮಾಡಿದವಳು ನಾನು. ಸಾಲ್ಮನ್ ಮೀನಿನದು ಮೂರು, ಹ್ಯಾಮಿನದು ಎರಡು. ಮೇಲೆ ಸೌತೆಕಾಯಿ, ಮೊಟ್ಟೆ, ಸಬ್ಬಸಿಗೆ ಸೊಪ್ಪು, ಎಲ್ಲ ಒಪ್ಪವಾಗಿತ್ತು. ಆದರೆ ಅದನ್ನು ಮಾಡಿದ್ದು ಸಂಬಳಕ್ಕೆ, ಪ್ರೀತಿಗಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಎರಡು ನಾಲಿಗೆಯವಳು ಅನ್ನಬಾರದು.

ಹೌಕಿಪುರೊ ಶಾಲೆಯ ಅಡುಗೆಮನೆಯಲ್ಲಿ ನಾನಿರುವುದು ಇಪ್ಪತ್ತೇಳು ವರ್ಷದಿಂದ. ಔಲಿಸ್ ಅದೇ ಶಾಲೆಯಲ್ಲಿ ಮೂವತ್ತಮೂರು ವರ್ಷ ಮಾರ್ಗದರ್ಶಿ ಮೇಷ್ಟ್ರಾಗಿದ್ದ. ಒಂಬತ್ತನೇ ತರಗತಿ ಮುಗಿಸುವ ಮಕ್ಕಳು ಮುಂದೆ ಏನು ಓದಬೇಕು, ಯಾವ ಕೆಲಸ ಕಲಿಯಬೇಕು ಎಂದು ದಾರಿ ತೋರಿಸುವುದು ಅವನ ಉದ್ಯೋಗ. ದಾರಿ ತೋರಿಸಿದ್ದೂ ನಿಜ. ನಮ್ಮೂರಿನಲ್ಲಿ ಇರುವುದು ಒಂದೇ ರಸ್ತೆ, ಅದನ್ನೇ ಮೂವತ್ತಮೂರು ವರ್ಷ ತೋರಿಸಿದ.

ಅರ್ಜಿಯ ವಿಷಯ ಎರಡು ಮಾತಿನಲ್ಲಿ ಹೇಳುತ್ತೇನೆ. ದೇಶದ ಎಲ್ಲ ಮಕ್ಕಳೂ ಫೆಬ್ರವರಿ ಮಾರ್ಚಿನಲ್ಲಿ ಒಂದೇ ಜಂಟಿ ಅರ್ಜಿ ಹಾಕುತ್ತಾರೆ. ಅದರಲ್ಲಿ ಐದು ಸಾಲು. ಮೊದಲನೇ ಸಾಲಿನಲ್ಲಿ ಬೇಕೇಬೇಕು ಅನ್ನುವುದು, ಅದು ಸಿಗದಿದ್ದರೆ ಎರಡನೆಯದು, ಹೀಗೆ ಕೆಳಗಿನವರೆಗೆ. ಔಲಿಸನ ಕೋಣೆಯ ಬಾಗಿಲ ಮೇಲೆ ಒಂದು ಚಾರ್ಟು ಇತ್ತು. ಯಾವ ವರ್ಷ, ಎಷ್ಟು ಮಕ್ಕಳು, ಮೊದಲನೇ ಸಾಲಿನದು ಸಿಕ್ಕಿದವರು ಎಷ್ಟು. ಇಪ್ಪತ್ತಾರಕ್ಕೆ ಇಪ್ಪತ್ತಾರು. ಹತ್ತೊಂಬತ್ತಕ್ಕೆ ಹತ್ತೊಂಬತ್ತು. ಪ್ರತಿ ಜೂನ್ ತಿಂಗಳಲ್ಲಿ ಜಿಲ್ಲಾ ಪತ್ರಿಕೆಯವರು ಬಂದು ಆ ಚಾರ್ಟಿನ ಪಕ್ಕ ಅವನನ್ನು ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. ಅವನೋ, ಹೊಟ್ಟೆ ಒಳಗೆ ಎಳೆದುಕೊಂಡು, ಹೆಬ್ಬೆರಳು ಎತ್ತಿ, ತಾನೇ ಪರೀಕ್ಷೆ ಬರೆದವನ ಹಾಗೆ ಹಲ್ಲು ಕಿರಿಯುತ್ತಿದ್ದ.

ಇದರ ಗುಟ್ಟು ಏನು ಅಂತೀರಿ? ಗುಟ್ಟೂ ಇಲ್ಲ ಮಣ್ಣೂ ಇಲ್ಲ. ಸಿಗುವುದನ್ನಷ್ಟೇ ಕೇಳುವುದಕ್ಕೆ ಮಕ್ಕಳಿಗೆ ಕಲಿಸಿದ್ದ. ಊಟದ ಸಾಲಿನಲ್ಲಿ ನಾನು ಬರೀ ಗಂಜಿ ಇಟ್ಟು, "ಇವತ್ತು ಎಲ್ಲರೂ ಗಂಜಿಯನ್ನೇ ಆರಿಸಿದರು" ಎಂದು ಬೋರ್ಡು ಹಾಕಿದರೆ ಹೇಗಿರುತ್ತದೆ? ಹಾಗೆ.

ನನಗೆ ಇದು ಗೊತ್ತಿರುವುದು ಹೊರಗಿನಿಂದ ನೋಡಿ ಅಲ್ಲ. ಔಲಿಸ್ ಇಲ್ಲಿಗೆ ಬಂದ ಮರುವರ್ಷ ನಾನೇ ಒಂಬತ್ತನೇ ತರಗತಿಯಲ್ಲಿದ್ದೆ. ಆಗ ಅರ್ಜಿ ಕಾಗದದ್ದು, ಮೊದಲು ಪೆನ್ಸಿಲಿನಲ್ಲಿ ಬರೆದು ಅವನಿಗೆ ತೋರಿಸಬೇಕಿತ್ತು. ನಾನು ಮೊದಲನೇ ಸಾಲಿನಲ್ಲಿ ಸರ್ವೆ ಕೋರ್ಸು ಎಂದು ಬರೆದಿದ್ದೆ. ಎರಡು ಬೇಸಿಗೆ ಸರ್ವೆಯವರ ಜೊತೆ ಅಳತೆಕೋಲು ಹಿಡಿದು ಕಾಡು, ಜೌಗು ನೆಲ ಎಲ್ಲ ತಿರುಗಿದ್ದೆ. ಸೊಳ್ಳೆ ಕಚ್ಚಿ ಮುಖವೆಲ್ಲ ಊದಿಕೊಂಡರೂ ಸಂಜೆ ನಕ್ಷೆಯ ಮೇಲೆ ಗೆರೆ ಬೀಳುವುದನ್ನು ನೋಡುವಾಗ ನನಗೆ ಹಸಿವೆ ಗೊತ್ತಾಗುತ್ತಿರಲಿಲ್ಲ.

ಔಲಿಸ್ ಕಾಗದ ನೋಡಿದ. "ಸಿರ್ಕು, ವಾಸ್ತವವಾಗಿ ಯೋಚನೆ ಮಾಡು" ಅಂದ. ಈ "ವಾಸ್ತವವಾಗಿ" ಅನ್ನುವುದು ಅವನ ಬಾಯಿಗೆ ಅಂಟಿಕೊಂಡ ಮಾತು. "ಲೆಕ್ಕದಲ್ಲಿ ನಿನಗೆ ಹತ್ತಕ್ಕೆ ಎಂಟು ಬಂದಿದೆ. ಸರ್ವೆಗೆ ಒಂಬತ್ತು, ಹತ್ತು ತಗೊಂಡೋರು ಬರ್ತಾರೆ. ಅಡುಗೆ ಕೋರ್ಸಲ್ಲಿ ಜಾಗ ಖಾಲಿ ಇದೆ. ಅಮ್ಮನಿಗೂ ನೀನು ಹತ್ತಿರದಲ್ಲೇ ಇದ್ದ ಹಾಗಾಗುತ್ತೆ."

"ಎರಡನೇ ಸಾಲಲ್ಲಿ ಅಡುಗೆ ಬರೀಲಾ?"

"ಮೊದಲನೇದು ತಪ್ಪಿತು ಅಂದ್ರೆ ಎರಡನೇದೂ ಕೈಬಿಟ್ಟುಹೋಗುತ್ತೆ, ಹುಡುಗಿ. ಆಮೇಲೆ ಮನೇಲಿ ಕೂತ್ಕೊಂಡು ಕಿಟಕಿಯಿಂದ ಹಿಮ ನೋಡ್ತೀಯ?"

ನಾನು ಸುಮ್ಮನಿದ್ದೆ. ನಮ್ಮ ಕಡೆಯವರಿಗೆ ಅದೊಂದು ರೋಗ. ಬಾಯಿ ತೆರೆಯಬೇಕಾದಲ್ಲಿ ಸುಮ್ಮನಿರುತ್ತೇವೆ, ಎದುರಿನವನು ಅದನ್ನು ಒಪ್ಪಿಗೆ ಎಂದು ಬರೆದುಕೊಳ್ಳುತ್ತಾನೆ. ಔಲಿಸ್ ಜೇಬಿನಿಂದ ರಬ್ಬರು ತೆಗೆದು ನನ್ನ ಸರ್ವೆಯನ್ನು ಅಳಿಸಿ, ಫೂ ಎಂದು ಊದಿದ. ಪುಡಿ ನನ್ನ ಸ್ಕರ್ಟಿನ ಮೇಲೆ ಬಿತ್ತು. ಜೂನಿನಲ್ಲಿ ಚಾರ್ಟಿನ ಮೇಲೆ ನಾನೂ ಒಂದು ಅಂಕಿಯಾದೆ.

ಅಡುಗೆ ಕೆಟ್ಟ ಕೆಲಸ ಎಂದು ನಾನು ಹೇಳುತ್ತಿಲ್ಲ. ನೂರ ನಲವತ್ತು ಮಕ್ಕಳಿಗೆ ದಿನಾ ಬಿಸಿ ಊಟ ಬಡಿಸುತ್ತೇನೆ, ನನ್ನ ಬಟಾಣಿ ಸೂಪಿಗೆ ಪಕ್ಕದ ಪಂಚಾಯಿತಿ ಆಫೀಸಿನವರೂ ಬಟ್ಟಲು ಹಿಡಿದು ಬರುತ್ತಾರೆ. ಆದರೆ ಇದನ್ನು ಆರಿಸಿದವಳು ನಾನಲ್ಲ, ಅಷ್ಟೇ.

ಔಲಿಸನ ಮಟ್ಟಿಗೆ ನನ್ನ ಅಡುಗೆಮನೆ ಏನಾಗಿತ್ತು ಗೊತ್ತೇ? ಶಿಕ್ಷೆಯ ಕೋಣೆ. ಒಂಬತ್ತನೆಯವರಿಗೆ ಜನವರಿಯಲ್ಲಿ ಕೆಲಸದ ವಾರ ಎಂದು ಇರುತ್ತದೆ. ಪ್ರತಿಯೊಬ್ಬರೂ ಅಂಗಡಿಯೋ ಗ್ಯಾರೇಜೋ ಆಸ್ಪತ್ರೆಯೋ ತಾವೇ ಹುಡುಕಿಕೊಂಡು ಐದು ದಿನ ಅಲ್ಲಿ ಕೆಲಸ ನೋಡಬೇಕು. ಜಾಗ ಸಿಗದವರು ಶಾಲೆಯ ಅಡುಗೆಮನೆಗೆ. "ಹುಡುಕದೇ ಇದ್ರೆ ಸಿರ್ಕು ಹತ್ರ ಆಲೂಗಡ್ಡೆ ಸುಲೀತೀರಿ, ನೋಡಿ" ಎಂದು ಅವನು ತರಗತಿಯಲ್ಲಿ ಹೆದರಿಸುತ್ತಿದ್ದ. ಮಕ್ಕಳು ಕಿಸಕ್ಕೆಂದು ನಗುತ್ತಿದ್ದರು. ಊಟಕ್ಕೆ ಬಂದಾಗ ನನ್ನ ಮುಖ ನೋಡಿ ಇನ್ನೊಂದು ಸಲ ನಗುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಅವನು ನಿವೃತ್ತನಾಗುವ ವರ್ಷದ ಜನವರಿಯಲ್ಲಿ ಹಾಗೆ ಬಂದವಳು ತೈಮಿ. ಮರದ ದಿಮ್ಮಿ ಸಾಗಿಸುವ ಲಾರಿಯ ಇಲ್ಪೊನ ಮಗಳು, ಹದಿನೈದು ವರ್ಷ, ಉದ್ದ ಕೈಕಾಲು. ಔಲಿಸ್ ಅವಳನ್ನು ಬಾಗಿಲ ತನಕ ತಂದು ಬಿಟ್ಟ.

"ಇಗೋ, ಸಿರ್ಕು, ನಿನಗೊಂದು ತಲೆ. ಇವಳಿಗೆ ಹಡಗಿನ ಕಂಪನಿಯೇ ಆಗಬೇಕಂತೆ. ಸಮುದ್ರ ಇಲ್ಲಿಂದ ಎಷ್ಟು ದೂರ ಅಂತ ನಕ್ಷೆ ನೋಡಿಲ್ಲ."

"ನೋಡಿದೀನಿ" ಅಂದಳು ತೈಮಿ. "ಅಲ್ಲಿ ಉಳ್ಕೊಳ್ಳೋಕೆ ಚಿಕ್ಕಮ್ಮನ ಮನೇನೂ ಇತ್ತು. ಒಪ್ಪಿಗೆ ಪತ್ರಕ್ಕೆ ನೀವೇ ಸಹಿ ಹಾಕ್ಲಿಲ್ಲ."

"ವಿಮೆಯ ತೊಂದರೆ" ಎಂದ ಔಲಿಸ್. ಏನೂ ಹೇಳಲು ತೋಚದಿದ್ದಾಗ ಅವನಿಗೆ ವಿಮೆ ನೆನಪಾಗುತ್ತದೆ.

ಮೊದಲ ದಿನ ಹುಡುಗಿ ಮಾತಿಲ್ಲದೆ ಕ್ಯಾರೆಟ್ ತುರಿದಳು. ಮಂಗಳವಾರ ಊಟದ ನಡುವೆ ನಮ್ಮ ತಟ್ಟೆ ತೊಳೆಯುವ ದೊಡ್ಡ ಯಂತ್ರ ಗೊರಗೊರ ಎಂದು ನಿಂತುಹೋಯಿತು. ರಿಪೇರಿಯವನಿಗೆ ಫೋನು ಮಾಡಿದೆ, ಮುಂದಿನ ವಾರ ಅಂದ. ನಾನು ತಲೆ ಮೇಲೆ ಕೈ ಹೊತ್ತುಕೊಂಡೆ. ನೂರ ನಲವತ್ತು ತಟ್ಟೆ ಕೈಯಲ್ಲಿ ತೊಳೆಯುವುದೆಂದರೆ ಹುಡುಗಾಟವೇ?

"ಅಡುಗೆ ಆಂಟಿ, ಕರೆಂಟು ತೆಗೀರಿ" ಅಂದಳು ತೈಮಿ.

"ಏಯ್, ಮುಟ್ಟಬೇಡ! ಅದು ಪಂಚಾಯಿತಿದು."

"ಕೆಟ್ಟಿರೋದೂ ಪಂಚಾಯಿತಿದೇ ಅಲ್ವಾ?"

ನಾನು ಕರೆಂಟು ತೆಗೆದೆ. ಅವಳು ತೋಳು ಮಡಿಸಿಕೊಂಡು ಕೆಳಗಿನ ತಗಡು ಬಿಚ್ಚಿ ಭುಜದವರೆಗೆ ಕೈ ಒಳಗಿಟ್ಟಳು. ಕಣ್ಣು ಮುಚ್ಚಿಕೊಂಡಿದ್ದಳು. ಅರ್ಧ ಗಂಟೆಯಲ್ಲಿ ಒಂದು ಚಮಚ, ರೈ ಬ್ರೆಡ್ಡಿನ ಕಪ್ಪು ಮುದ್ದೆ, ಯಾರದೋ ಹಲ್ಲಿನ ತಂತಿ ಎಲ್ಲ ಹೊರಗೆ ಬಂತು. ಪಂಪಿನ ಒಳಗಿನ ರಬ್ಬರು ಬಳೆ ಹರಿದಿತ್ತು. ಅದಕ್ಕೆ ತನ್ನ ಸೈಕಲ್ ಟ್ಯೂಬು ಕತ್ತರಿಸಿ ಬಳೆ ಮಾಡಿ ಕೂರಿಸಿದಳು. ಯಂತ್ರ ಒಂದು ಸಲ ಕೆಮ್ಮಿ ಓಡತೊಡಗಿತು.

"ಇದೆಲ್ಲಿ ಕಲಿತೆ?"

"ಅಪ್ಪನ ಲಾರಿ." ಕೈ ಒರೆಸಿಕೊಳ್ಳುತ್ತ ಹೇಳಿದಳು. "ಸ್ವೀಡನ್ ಹಡಗಲ್ಲಿ ಹೋಗಿದ್ವಿ, ನಂಗೆ ಹತ್ತು ವರ್ಷ ಆಗಿದ್ದಾಗ. ಎಲ್ರೂ ಮೇಲೆ ಅಂಗಡಿಗೆ ಹೋದ್ರು. ನಾನು ಕೆಳಗೆ ಇಳ್ದೆ. 'ಸಿಬ್ಬಂದಿಗೆ ಮಾತ್ರ' ಅಂತ ಬಾಗಿಲಿತ್ತು. ಅದಕ್ಕೆ ಕಿವಿ ಇಟ್ಟೆ. ನೆಲ, ಗೋಡೆ, ಎಲ್ಲ ನಡುಗ್ತಿತ್ತು. ಇಷ್ಟು ದೊಡ್ಡದನ್ನ ಯಾರೋ ಒಬ್ರು ಕೆಳಗೆ ಕೂತು ನಡೆಸ್ತಿದಾರಲ್ಲ ಅನ್ನಿಸ್ತು. ನಂಗೆ ಆ ಬಾಗಿಲ ಆ ಕಡೆ ಹೋಗ್ಬೇಕು, ಆಂಟಿ."

ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದಕ್ಕೆ ಅವಳಿಗೇ ನಾಚಿಕೆಯಾಗಿ ಮತ್ತೆ ಕ್ಯಾರೆಟ್ ಕಡೆ ತಿರುಗಿದಳು. ಕರಾವಳಿಯಲ್ಲಿ ಒಂದು ಹಡಗು ಶಾಲೆ ಇತ್ತು, ಎಂಜಿನು ವಿಭಾಗಕ್ಕೆ ಹದಿನಾರೇ ಜಾಗ, ಪ್ರವೇಶ ಪರೀಕ್ಷೆ ಬೇರೆ. ಮೊದಲನೇ ಸಾಲಿನಲ್ಲಿ ಅದನ್ನೇ ಬರೆಯುತ್ತೇನೆ ಎಂದು ಅವಳು ತೀರ್ಮಾನಿಸಿಕೊಂಡಿದ್ದಳು.

ಅವಳು ತೀರ್ಮಾನಿಸಿದರೆ ಸಾಕೇ? ಅರ್ಜಿ ತುಂಬುವುದು ಈಗ ಕಂಪ್ಯೂಟರಿನಲ್ಲಿ, ಆದರೆ ನಮ್ಮ ಶಾಲೆಯಲ್ಲಿ ಇಡೀ ತರಗತಿಯನ್ನು ಒಂದೇ ಮಧ್ಯಾಹ್ನ ಕೂರಿಸಿ ಔಲಿಸ್ ಬೆನ್ನ ಹಿಂದೆ ನಿಂತು ತುಂಬಿಸುತ್ತಿದ್ದ. ರಬ್ಬರಿನ ಬದಲು ಬೆರಳು ಬಂದಿತ್ತು, ಅಷ್ಟೇ ವ್ಯತ್ಯಾಸ. ಮಗುವಿನ ಭುಜದ ಮೇಲಿನಿಂದ ಕೈ ಚಾಚಿ ಪರದೆಯ ಮೇಲೆ ಟಕ್ ಟಕ್ ಎಂದು ಕುಟ್ಟಿ, "ಇದನ್ನ ಮೇಲೆ ತಗೋ, ಇದನ್ನ ಕೆಳಗೆ" ಅನ್ನುತ್ತಿದ್ದ. ಫೆಬ್ರವರಿಯ ಆ ಮಧ್ಯಾಹ್ನ ತೈಮಿಯ ಹಡಗು ಎರಡನೇ ಸಾಲಿಗೆ ಇಳಿಯಿತು. ಮೊದಲನೇ ಸಾಲಿಗೆ ನಮ್ಮೂರಿನದೇ ಶುಶ್ರೂಷಾ ಸಹಾಯಕಿ ಕೋರ್ಸು ಹತ್ತಿತು. ಶಾಲೆಯಿಂದ ನೂರು ಮೀಟರು, ಇಪ್ಪತ್ತು ಜಾಗ, ಕೇಳಿದವರು ಒಂಬತ್ತು ಜನ.

ಮೊದಲನೇ ಸಾಲಿನದು ಸಿಕ್ಕಿತೆಂದರೆ ಎರಡನೆಯದನ್ನು ಯಾರೂ ತೆರೆದೂ ನೋಡುವುದಿಲ್ಲ. ಹಡಗನ್ನು ಎರಡನೇ ಸಾಲಿಗೆ ಇಳಿಸುವುದೂ ಅಳಿಸಿಹಾಕುವುದೂ ಒಂದೇ.

ಸಂಜೆ ಅವಳು ಅಡುಗೆಮನೆಯ ಹಿಂದಿನ ಬಾಗಿಲಲ್ಲಿ ನಿಂತಿದ್ದಳು.

"ಏನಂದ?"

"ಹುಡುಗೀರಿಗೆ ಎಂಜಿನ್ ಕೋಣೆ ವಾಸ್ತವ ಅಲ್ಲ ಅಂದ್ರು. ಮೊದಲನೇದು ತಪ್ಪಿದ್ರೆ ಎಲ್ಲಾ ಹೋಗುತ್ತೆ ಅಂದ್ರು."

"ನೀನೇನಂದೆ?"

"ಸುಮ್ನಿದ್ದೆ."

ಹೋಗಿ ಆ ಮನುಷ್ಯನ ಚಾರ್ಟನ್ನು ಹರಿದು ಅವನ ಬಾಯಿಗೇ ತುರುಕಬೇಕು ಅನ್ನಿಸಿತು. ಹರಿಯಲಿಲ್ಲ, ಅವನ ಕೋಣೆಗೆ ಹೋದೆನಷ್ಟೇ. ಔಲಿಸ್ ಕಾಲು ಮೇಲೆ ಕಾಲು ಹಾಕಿಕೊಂಡು ಕಾಫಿ ಕುಡಿಯುತ್ತಿದ್ದ. ನಮ್ಮಲ್ಲಿ ದೊಡ್ಡವರಾದ ಮೇಲೆ ಮೇಷ್ಟ್ರಿಗೂ ಏಕವಚನವೇ, ಆದರೆ ಅವತ್ತು ನಾನು ಬಳಸಿದ ಏಕವಚನ ಬೇರೆ ಥರದ್ದು.

"ಔಲಿಸ್, ಆ ಹುಡುಗಿಯನ್ನ ಅವಳ ಪಾಡಿಗೆ ಬಿಡು."

"ಯಾವ ಹುಡುಗಿ? ಓ, ಸಮುದ್ರದವಳು." ನಕ್ಕ. "ಸಿರ್ಕು, ನೀನು ಸೂಪು ನೋಡ್ಕೋ, ನಾನು ಮಕ್ಕಳನ್ನ ನೋಡ್ಕೊತೀನಿ."

"ನಿನ್ನ ಚಾರ್ಟು ನೋಡ್ಕೊತೀಯ. ಮಕ್ಕಳನ್ನಲ್ಲ."

ಅವನು ಕಪ್ಪು ಕೆಳಗಿಟ್ಟ. ದನಿ ಸ್ವಲ್ಪ ಇಳಿಯಿತು. "ನಾನು ಬಂದ ಮೊದಲ ವರ್ಷ ಹೆಮ್ಮೊ ಅಂತ ಒಬ್ಬ ಇದ್ದ, ನೆನಪಿದೆಯಾ? ಹೆಲಿಕಾಪ್ಟರ್ ಮೆಕ್ಯಾನಿಕ್ ಆಗ್ಬೇಕು ಅಂದ. ಸರಿ, ಬರಿ ಅಂದೆ. ಸಿಗಲಿಲ್ಲ. ಅವನಮ್ಮ ಈ ಕುರ್ಚಿಯಲ್ಲಿ ಕೂತು ಅತ್ತಳು. ಇನ್ನೊಂದ್ಸಲ ಯಾರೂ ಈ ಕುರ್ಚಿಯಲ್ಲಿ ಅಳಬಾರದು ಅಂತ ಅವತ್ತೇ ನಿರ್ಧಾರ ಮಾಡಿದೆ."

ಒಂದು ಕ್ಷಣ ನನಗೆ ಅವನ ಮೇಲೆ ಕನಿಕರ ಬಂದದ್ದು ಸುಳ್ಳಲ್ಲ. ಚಾರ್ಟಿನ ತುದಿಯಲ್ಲಿ ಅದೊಂದೇ ವರ್ಷ ಇಪ್ಪತ್ತೆರಡಕ್ಕೆ ಇಪ್ಪತ್ತೊಂದು ಎಂದಿತ್ತು. ಆದರೆ ಹೆಮ್ಮೊ ನನ್ನ ಪಕ್ಕದ ಮನೆಯ ಹುಡುಗ. ಮರುವರ್ಷ ಮತ್ತೆ ಅರ್ಜಿ ಹಾಕಿದ, ಸಿಕ್ಕಿತು. ಈಗ ಉತ್ತರದಲ್ಲಿ ಗಡಿ ಕಾಯುವವರ ಹೆಲಿಕಾಪ್ಟರ್ ನೋಡಿಕೊಳ್ಳುತ್ತಾನೆ, ಬೇಸಿಗೆಯಲ್ಲಿ ಬಂದು ಅಮ್ಮನ ಸೌನಾ ಅನ್ನುವ ಹಬೆಸ್ನಾನದ ಕೋಣೆಗೆ ಸೌದೆ ಒಡೆದು ಹೋಗುತ್ತಾನೆ.

"ಹೆಮ್ಮೊ ಮರುವರ್ಷ ಸೇರ್ಕೊಂಡ, ಔಲಿಸ್."

"ಹೌದಾ? ಅದು ನನ್ನ ಪಟ್ಟೀಲಿ ಬರಲ್ಲ" ಅಂದ.

ಕನಿಕರ ಅಲ್ಲೇ ಸತ್ತುಹೋಯಿತು. ಒಬ್ಬ ತಾಯಿ ಒಂದು ಮಧ್ಯಾಹ್ನ ಅತ್ತಳೆಂದು ಈ ಹೇಡಿ ಮೂವತ್ತೆರಡು ವರ್ಷ ಊರಿನ ಮಕ್ಕಳ ಆಸೆಯನ್ನೆಲ್ಲ ಚಿವುಟಿದ್ದ. ಮಕ್ಕಳು ಅಳಬಾರದು ಎಂದಲ್ಲ, ತನ್ನ ಎದುರು ಅಳಬಾರದು ಎಂದು. ಚಿವುಟಿಸಿಕೊಂಡ ನಾವು ಮನೆಗೆ ಹೋಗಿ ಅತ್ತೆವಲ್ಲ, ಅದು ಅವನ ಪಟ್ಟಿಯಲ್ಲಿ ಎಲ್ಲಿ ಬರಬೇಕು?

ಮರುದಿನ ಹಡಗು ಶಾಲೆಗೆ ನಾನೇ ಫೋನು ಮಾಡಿದೆ. ಅರ್ಜಿ ವಿಭಾಗದ ಹೆಂಗಸು ಬೇಸರವಿಲ್ಲದೆ ಮಾತಾಡಿದಳು. "ಯಾವುದು ಎಲ್ಲಕ್ಕಿಂತ ಜಾಸ್ತಿ ಬೇಕೋ ಅದನ್ನ ಮೊದಲು ಬರೀಲಿ. ಸಿಗದಿದ್ರೆ ಎರಡನೇದು ತಾನಾಗಿ ನೋಡ್ತಾರೆ. ಮೊದಲನೇದು ತಪ್ಪಿದ್ರೆ ಎಲ್ಲಾ ಹೋಗುತ್ತೆ ಅಂತ ಯಾರಮ್ಮ ನಿಮಗೆ ಹೇಳಿದ್ದು?"

ಯಾರು ಹೇಳಿದ್ದೆಂದು ಹೇಳಲು ನನಗೇ ನಾಚಿಕೆಯಾಯಿತು. ಮೂವತ್ತೆರಡು ವರ್ಷ ಅದನ್ನೇ ನಂಬಿದ್ದೆನಲ್ಲ! ಎರಡು ನಿಮಿಷದ ಫೋನು. ನನ್ನ ಅಮ್ಮನಿಗಾಗಲಿ ನನಗಾಗಲಿ ಅವತ್ತು ಆ ಎರಡು ನಿಮಿಷ ಹೊಳೆದಿರಲಿಲ್ಲ.

ತೈಮಿಗೆ ಹೇಳಿದೆ. ಅವಳು ಅಪ್ಪನನ್ನು ಕೇಳಬೇಕು ಅಂದಳು. ಇಲ್ಪೊ ಸೂಪರ್ ಮಾರ್ಕೆಟಿನ ಕಾಫಿ ಮೂಲೆಯಲ್ಲಿ ಸಿಕ್ಕಿದ.

"ಔಲಿಸ್ ಅಷ್ಟು ವರ್ಷದಿಂದ ನೋಡ್ತಿದಾನೆ" ಅಂದ ಇಲ್ಪೊ. "ನನಗೂ ಅವನೇ ಹೇಳಿದ್ದು."

"ನೀನೇನು ಬರೆದಿದ್ದೆ?"

ಇಲ್ಪೊ ಕಪ್ಪಿನೊಳಗೆ ನೋಡಿದ. "ಬಿಡು. ಹಳೇ ಕಥೆ."

"ಅವಳಿಗೆ ಸಿಗದಿದ್ರೆ ಶುಶ್ರೂಷೆ ಹೇಗಿದ್ರೂ ಎರಡನೇ ಸಾಲಲ್ಲಿ ಇರುತ್ತೆ, ಇಲ್ಪೊ. ಅಲ್ಲಿ ಇಪ್ಪತ್ತು ಜಾಗಕ್ಕೆ ಒಂಬತ್ತು ಜನ."

ಅವನು ಉಳಿದ ಕಾಫಿ ಕುಡಿದು ಮುಗಿಸಿದ. "ಅರ್ಜಿ ಅವಳದು, ಅವಳಿಷ್ಟ" ಎಂದು ಕೊನೆಗೆ ಹೇಳಿ ಟೋಪಿ ಹಾಕಿಕೊಂಡು ಹೋದ.

ಅರ್ಜಿ ಮುಚ್ಚುವ ದಿನ ಗುರುವಾರ ಬಿತ್ತು. ಮಧ್ಯಾಹ್ನ ಮೂರಕ್ಕೆ ಕೊನೆ, ಅಲ್ಲಿಯವರೆಗೆ ಯಾರು ಬೇಕಾದರೂ ತಮ್ಮ ಫೋನಿನಿಂದಲೇ ಸಾಲು ಬದಲಾಯಿಸಬಹುದು. ಗುರುವಾರವೆಂದರೆ ಬಟಾಣಿ ಸೂಪು, ಆಮೇಲೆ ಒಲೆಯಲ್ಲಿ ಬೇಯಿಸಿದ ಪ್ಯಾನ್ ಕೇಕು, ಜಾಮು. ಎರಡೂವರೆಗೆ ತೈಮಿ ಬಂದು ನನ್ನ ಹಿಟ್ಟಿನ ಡಬ್ಬದ ಮೇಲೆ ಕೂತಳು. ಫೋನು ತೊಡೆಯ ಮೇಲಿತ್ತು. ಎರಡೂ ಮುಕ್ಕಾಲಾದರೂ ಬೆರಳು ಆಡಲಿಲ್ಲ.

"ಆಂಟಿ, ಸಿಗದೇ ಇದ್ರೆ?"

"ಅಳ್ತೀಯ. ಆಮೇಲೆ ಹೆಮ್ಮೊನ ಹಾಗೆ ಮುಂದಿನ ವರ್ಷ ಮತ್ತೆ ಹಾಕ್ತೀಯ."

"ಔಲಿಸ್‌ಗೆ ಕೋಪ ಬರುತ್ತೆ."

"ಬರಲಿ ಬಿಡು, ಅವನ ಕೋಪ ಕಟ್ಟಿಕೊಂಡು ನಿನಗೇನು? ಹಡಗಿಗೆ ಹೋಗೋಳು ನೀನು."

ಇಷ್ಟು ಹೇಳಿ ಮುಗಿಸುವುದರೊಳಗೆ ಬಾಗಿಲು ತೆರೆದು ಸಾಕ್ಷಾತ್ ಔಲಿಸನೇ ಒಳಗೆ ಬಂದ. ಗುರುವಾರ ಉಳಿದ ಪ್ಯಾನ್ ಕೇಕಿಗೆ ಬರುವುದು ಅವನ ರೂಢಿ. ಗಡಿಯಾರದಲ್ಲಿ ಒಂಬತ್ತು ನಿಮಿಷ ಉಳಿದಿತ್ತು.

"ಏನಮ್ಮ ಸಮುದ್ರ, ಇಲ್ಲಿ ಕೂತಿದೀಯ? ಅರ್ಜಿ ಎಲ್ಲ ಸರಿ ಇದೆ ತಾನೆ?" ಅಂದ ತಟ್ಟೆ ಎತ್ತಿಕೊಳ್ಳುತ್ತ.

ತೈಮಿ ಅವನ ಮುಖ ನೋಡಿದಳು. "ಔಲಿಸ್, ನೀವು ಮೊದಲನೇ ಸಾಲಲ್ಲಿ ಏನು ಬರೆದಿದ್ರಿ?"

"ನಾನಾ?" ಚಮಚದ ಜಾಮು ಅಲ್ಲೇ ನಿಂತಿತು. "ನಮ್ಮ ಕಾಲದಲ್ಲಿ ಈ ಸಾಲುಗೀಲು ಎಲ್ಲಿತ್ತು? ಜಾಗ ಇದ್ದ ಕಡೆ ಹೋದ್ವಿ."

"ಹಂಗಾದ್ರೆ ನಿಮಗೆ ಏನು ಬೇಕಿತ್ತು?"

ಅವನು ಚಮಚವನ್ನು ತಟ್ಟೆಗೆ ಇಳಿಸಿದ. ಉತ್ತರ ಬಚ್ಚಿಡುತ್ತಿದ್ದ ಎಂದಲ್ಲ, ಹುಡುಕುತ್ತಿದ್ದ, ಸಿಗಲಿಲ್ಲ. ಅಷ್ಟು ಹೊತ್ತಿಗೆ ತೈಮಿ ತಲೆ ತಗ್ಗಿಸಿ ಎರಡನೇ ಸಾಲನ್ನು ಬೆರಳಿನಿಂದ ಮೇಲಕ್ಕೆ ಎಳೆದು, ಕಳಿಸು ಅನ್ನುವುದನ್ನು ಒತ್ತಿದಳು. ಅವನ ಮೂಗಿನ ಕೆಳಗೇ. ನಾನು ಔಲಿಸನ ತಟ್ಟೆಗೆ ಇನ್ನೊಂದು ತುಂಡು ಹಾಕಿದೆ, ಕೆಲಸವಾಗುವ ತನಕ ಅವನ ಬಾಯಿ ತುಂಬಿರಲಿ ಎಂದು.

ಏಪ್ರಿಲಿನಲ್ಲಿ ಇಲ್ಪೊ ರಜೆ ಹಾಕಿ ಮಗಳನ್ನು ಆರುನೂರು ಕಿಲೋಮೀಟರು ಕಾರಿನಲ್ಲಿ ಕರೆದುಕೊಂಡು ಹೋಗಿ ಪರೀಕ್ಷೆ ಬರೆಸಿಕೊಂಡು ಬಂದ. ಹೇಗಾಯಿತು ಎಂದು ಕೇಳಿದ್ದಕ್ಕೆ "ಆಯ್ತು" ಅಂದ. ಆ ಎರಡು ತಿಂಗಳು ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಸಿಗದಿದ್ದರೆ ಊರಿನವರು ಔಲಿಸ್ ಹೇಳಿದ್ದೇ ಸರಿ ಎಂದು ಇನ್ನು ಮೂವತ್ತು ವರ್ಷ ಆಡಿಕೊಳ್ಳುತ್ತಾರೆ, ಹುಡುಗಿ ಅದನ್ನು ಹೊತ್ತುಕೊಂಡು ತಿರುಗಬೇಕು. ದೊಡ್ಡ ಬಾಯಿ ಮಾಡಿದವಳು ನಾನು, ತಲೆ ಕೊಡಬೇಕಾದವಳು ಅವಳು.

ಔಲಿಸನ ಬೀಳ್ಕೊಡುಗೆ ಮೇ ಕೊನೆಯಲ್ಲೇ ಆಗಬೇಕಿತ್ತು. ಅವನೇ ಜೂನಿಗೆ ತಳ್ಳಿದ, ಫಲಿತಾಂಶ ಬಂದು ಕೊನೆಯ ಅಂಕಿಯೂ ಭಾಷಣದಲ್ಲಿ ಸೇರಲಿ ಎಂದು. ಫಲಿತಾಂಶ ಬಂತು. ಅವತ್ತು ಬೆಳಿಗ್ಗೆ ಹಿಂದಿನ ಬಾಗಿಲು ದಡಾರನೆ ತೆರೆದು ತೈಮಿ ನನ್ನನ್ನು ತಬ್ಬಿಕೊಂಡಳು. ನಮ್ಮ ಕಡೆ ಯಾರೂ ಯಾರನ್ನೂ ಹಾಗೆ ತಬ್ಬಿಕೊಳ್ಳುವುದಿಲ್ಲ. ಹದಿನಾರು ಜಾಗದಲ್ಲಿ ಹನ್ನೊಂದನೆಯವಳಾಗಿ ಸಿಕ್ಕಿತ್ತು. ಇಬ್ಬರೂ ಹಿಟ್ಟಿನ ಕೈಯಲ್ಲೇ ಅತ್ತೆವು.

ಕಾಫಿಯ ದಿನ ಶಾಲೆಯ ಸಭಾಂಗಣ ತುಂಬಿತ್ತು. ಊರಿನಲ್ಲಿ ನಲವತ್ತೆಂಟಕ್ಕಿಂತ ಚಿಕ್ಕವರೆಲ್ಲ ಅವನ ಕೈಕೆಳಗೆ ಹಾದುಹೋದವರೇ ತಾನೆ. ಅಂಗಡಿಯ ಹುಡುಗಿ, ವೃದ್ಧಾಶ್ರಮದ ದಾದಿಯರು, ಕಾಡಿನ ಯಂತ್ರ ಓಡಿಸುವವರು, ಇಲ್ಪೊ. ಪತ್ರಿಕೆಯವರೂ ಬಂದಿದ್ದರು. ಚಾರ್ಟನ್ನು ಬಾಗಿಲಿನಿಂದ ಕಿತ್ತು ತಂದು ವೇದಿಕೆಯ ಮೇಲೆ ನಿಲ್ಲಿಸಿದ್ದರು, ಹೂವಿನ ಪಕ್ಕ. ನಾನು ಕಾಫಿ ಹೂಜಿ ಹಿಡಿದು ಗೋಡೆಯ ಬಳಿ ನಿಂತಿದ್ದೆ, ತೈಮಿ ತಟ್ಟೆ ಹಂಚುತ್ತಿದ್ದಳು.

ಔಲಿಸ್ ಮೈಕು ಹಿಡಿದ. "ಈ ವರ್ಷ ಹದಿನೆಂಟಕ್ಕೆ ಹದಿನೆಂಟು!" ಚಪ್ಪಾಳೆ. "ಅದರಲ್ಲಿ ಒಬ್ಬಳು ಸಮುದ್ರಕ್ಕೇ ಹೊರಟಿದ್ದಾಳೆ. ತೈಮಿ, ಎಲ್ಲಿದೀಯಮ್ಮ? ಎಂಜಿನು ವಿಭಾಗ! ನಾನು ಮಕ್ಕಳಿಗೆ ಯಾವಾಗ್ಲೂ ಹೇಳೋದು ಇದನ್ನೇ. ದೊಡ್ಡದಾಗಿ ಕನಸು ಕಾಣಿ."

ಎಂಥ ನಾಚಿಕೆಗೆಟ್ಟ ಮನುಷ್ಯ! ಅವಳು ಅವನ ಕೈಯಿಂದ ಕಿತ್ತುಕೊಂಡದ್ದನ್ನೂ ತಾನೇ ಕೊಟ್ಟೆ ಎಂದು ಪಟ್ಟಿಗೆ ಸೇರಿಸಿಬಿಟ್ಟಿದ್ದ. ತೈಮಿ ತಟ್ಟೆ ಹಿಡಿದು ಕೆಂಪಾಗಿ ನಿಂತಿದ್ದಳು. ಏನೂ ಹೇಳಲಿಲ್ಲ, ನಮ್ಮೂರಿನ ಹುಡುಗಿಯಲ್ಲವೇ.

"ಪತ್ರಿಕೆಯವರು ಒಂದು ಫೋಟೋ ಕೇಳ್ತಿದಾರೆ" ಅಂದ ಔಲಿಸ್. "ನನ್ನ ಹಳೇ ವಿದ್ಯಾರ್ಥಿಗಳು, ಮೊದಲನೇ ಆಯ್ಕೆ ಸಿಕ್ಕಿದೋರು, ಕೈ ಎತ್ತಿ ನೋಡೋಣ!"

ಕೈಗಳು ಎದ್ದವು. ನೂರಾರು. ಒಬ್ಬರನ್ನೊಬ್ಬರು ನೋಡಿ ನಗುತ್ತ, ಇನ್ನೊಂದು ಕೈಯಲ್ಲಿ ಕೇಕಿನ ತಟ್ಟೆ ಹಿಡಿದು ಎಲ್ಲರೂ ಎತ್ತಿದರು. ಇಲ್ಪೊನೂ ಎತ್ತಿದ. ತೈಮಿಯೂ ಎತ್ತಿದಳು, ಅವಳಿಗೆ ಸಿಕ್ಕಿದ್ದು ನಿಜವಲ್ಲವೇ. ಕ್ಯಾಮೆರಾ ಹಿಡಿದವನು ಹಿಂದೆ ಹಿಂದೆ ಸರಿದು ನನ್ನ ಪಕ್ಕಕ್ಕೇ ಬಂದ.

"ಸಿರ್ಕು!" ಔಲಿಸ್ ಮೈಕಿನಲ್ಲೇ ಕರೆದ. "ಆ ಹೂಜಿ ಕೆಳಗಿಡು ಮಾರಾಯ್ತಿ, ಕೈ ಎತ್ತು. ನೀನು ನನ್ನ ಎರಡನೇ ವರ್ಷದವಳು. ನಿನಗೂ ಮೊದಲನೇ ಆಯ್ಕೆ ಸಿಕ್ಕಿತ್ತಲ್ಲ!"

ಹೂಜಿ ಕೆಳಗಿಟ್ಟೆ. ಮೂವತ್ತೆರಡು ವರ್ಷದ ಹಿಂದೆ ಬರಬೇಕಿದ್ದ ಮಾತು ಅವತ್ತು ಬಂತು.

"ಸಿಕ್ಕಿತು, ಔಲಿಸ್. ಆದರೆ ಅದು ನಿನ್ನ ಮೊದಲನೇ ಆಯ್ಕೆ. ನಾನು ಬರೆದಿದ್ದು ಸರ್ವೆ. ನೀನು ಅಳಿಸಿದೆ. ಈ ಹುಡುಗಿಯದನ್ನೂ ನೀನೇ ಅಳಿಸಿದ್ದೆ, ಅವಳು ಮತ್ತೆ ಬರೆದಳು."

ನಾನು ಜೋರಾಗಿಯೇನೂ ಹೇಳಲಿಲ್ಲ, ಆದರೆ ಸಭಾಂಗಣದಲ್ಲಿ ಚಮಚದ ಸದ್ದೂ ನಿಂತಿತು. ಔಲಿಸ್ ನಗಲು ನೋಡಿದ. "ಸಿರ್ಕು ತಮಾಷೆ ಮಾಡ್ತಾಳೆ" ಅಂದ. ಯಾರೂ ನಗಲಿಲ್ಲ.

ಮೊದಲು ಇಳಿದದ್ದು ಇಲ್ಪೊನ ಕೈ. ಅವನು ಯಾರನ್ನೂ ನೋಡಲಿಲ್ಲ, ಕೈಯನ್ನು ಮೆಲ್ಲಗೆ ಇಳಿಸಿ ಜೇಬಿನಲ್ಲಿಟ್ಟುಕೊಂಡ. ಅವನ ಹಿಂದೆ ಅಂಗಡಿಯ ಹುಡುಗಿಯದು. ಆಮೇಲೆ ವೃದ್ಧಾಶ್ರಮದ ಮೇಜಿನವರು, ಒಬ್ಬರಾದ ಮೇಲೆ ಒಬ್ಬರು. ಏನು ಬರೆದಿದ್ದೆವು, ಯಾವುದನ್ನು ಅಳಿಸಿಕೊಂಡೆವು ಎಂದು ಪ್ರತಿಯೊಬ್ಬರೂ ತಮ್ಮೊಳಗೇ ಓದಿಕೊಳ್ಳುತ್ತಿದ್ದರು. ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಮೂಗು ಒರೆಸಿಕೊಂಡಳು. ಔಲಿಸ್ ಮೈಕು ಹಿಡಿದುಕೊಂಡು ಆ ಕಡೆಯಿಂದ ಈ ಕಡೆಗೆ ನೋಡಿದ. ತುಟಿ ಆಡುತ್ತಿತ್ತು, ರೂಢಿಯಂತೆ ಎಣಿಸುತ್ತಿದ್ದ.

ಕೊನೆಗೆ ಎಣಿಸಲು ಒಂದೇ ಕೈ ಉಳಿಯಿತು. ಅದು ತೈಮಿಯದು. ಅವಳು ಅದನ್ನು ಇಳಿಸಲಿಲ್ಲ.